ಬಣ್ಣ ಬರುವ ತನಕ

ಶಿಗ್ಲಿಯಲ್ಲಿ ನೀರು ಪರೀಕ್ಷಿಸುವ ಸುಮಿತ್ರವ್ವನಿಗೆ ಯಾರ ಮನೆಯ ನೀರೂ ಸುಮ್ಮನೆ ಗಂಟಲಲ್ಲಿ ಇಳಿಯದು. ಚೊಂಬು ಕೊಟ್ಟ ಕೂಡಲೇ ಸಂಚಿಯಿಂದ ಹಳದಿ ಕಾಗದದ ಪಟ್ಟಿ ತೆಗೆದು ಅದ್ದುತ್ತಾಳೆ. ನೀರಿನಲ್ಲಿ ಸೀಸದ ವಿಷವಿದ್ದರೆ ಅದು ಕೆಂಪಾಗುತ್ತದೆ. "ತಡೀರಿ, ಬಣ್ಣ ಬರ್ತೈತೇನ ನೋಡೂಣು" ಎನ್ನುತ್ತ ಬೀಗರ ಮನೆಯ ಪಾನಕವನ್ನೂ ಮಠದ ತೀರ್ಥವನ್ನೂ ಬಿಟ್ಟವಳಲ್ಲ. ಊರು ನಗುತ್ತದೆ. ಆದರೆ ತನ್ನ ಮನೆಯ ಬೋರಿನ ನೀರನ್ನು ಮಾತ್ರ ಅವಳು ಇದುವರೆಗೆ ಪರೀಕ್ಷಿಸಿರಲಿಲ್ಲ. ಮಗಳು ನೇತ್ರಾಳಿಗೆ ಏನು ಕುಡಿಸಿ ಬೆಳೆಸಿದೆನೋ ಎಂಬ ಅಂಜಿಕೆ. ಈಗ ನೇತ್ರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಬೇರೆ ದಾರಿಯಿರಲಿಲ್ಲ. ಸುಮಿತ್ರವ್ವ ಪಟ್ಟಿ ಅದ್ದಿದವಳೇ ಗೋಡೆಯತ್ತ ತಿರುಗಿದಳು. "ನೀನ ನೋಡವ್ವಾ, ನನ್ನ ಕೈಲೆ ಆಗೂದಿಲ್ಲ." "ಹಳದಿನ ಐತಿ, ಯವ್ವಾ" ಎಂದಳು ಮಗಳು. "ಖರೆ ಹೇಳು" ಎಂದ ಸುಮಿತ್ರವ್ವ, ಹಿಂದಿರುಗಿ ನೋಡದೆಯೇ ಇನ್ನೊಂದು ಪಟ್ಟಿಗಾಗಿ ತಡಕಾಡಿದಳು.