ಮೂರು ಬೆರಳಿನಗಲ

ಕಸುಬಿನವರೆಲ್ಲ ಅವನನ್ನು ಮಬ್ಬಣ್ಣ ಎಂದೇ ಕರೆಯುತ್ತಿದ್ದರು. ಅದು ಬೈಗುಳವಲ್ಲ, ಬಿರುದು. ಅವನು ತೆಗೆದ ವಿಡಿಯೊದಲ್ಲಿ ಮನುಷ್ಯನ ಮುಖವೊಂದೇ ಎದ್ದು ಕಾಣುತ್ತಿತ್ತು. ಹಿಂದಿನ ಗೋಡೆ, ಬೀದಿ, ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಎಲ್ಲವೂ ಕರಗಿ ಬರೀ ಬಣ್ಣವಾಗಿಬಿಡುತ್ತಿದ್ದವು. “ನಿನ್ನ ಕೈಗೆ ಸಿಕ್ಕಿದ್ರೆ ಗುಜರಿ ಅಂಗಡಿನೂ ಅರಮನೆ ಥರ ಕಾಣುತ್ತಪ್ಪ” ಎಂದು ಯಾರಾದರೂ ಅಂದರೆ ಅವನು ಸುಮ್ಮನೆ ನಗುತ್ತಿದ್ದ. ಹೊಗಳಿಕೆ ಬಂದಾಗ ಬೇಡ ಅನ್ನುವ ಅಭ್ಯಾಸ ಅವನಿಗಿರಲಿಲ್ಲ.

ಆ ಮಬ್ಬೆಲ್ಲ ಬರುತ್ತಿದ್ದದ್ದು ಹಳೆಯ ಲೆನ್ಸುಗಳಿಂದ. ರೀಲು ಹಾಕುವ ಕಾಲದ ಕ್ಯಾಮೆರಾಗಳ ಲೆನ್ಸು, ಅವನಿಗಿಂತ ವಯಸ್ಸಿನಲ್ಲಿ ದೊಡ್ಡವು. ಮುಚ್ಚಿಹೋದ ಸ್ಟುಡಿಯೊಗಳಿಂದ, ಸತ್ತವರ ಕಪಾಟುಗಳಿಂದ ಅವನ್ನು ಹುಡುಕಿ ತಂದು, ಅಡಾಪ್ಟರ್ ಎನ್ನುವ ಲೋಹದ ಬಳೆಯೊಂದನ್ನು ನಡುವೆ ಸೇರಿಸಿ, ಹೊಸ ಕ್ಯಾಮೆರಾದ ಮೂತಿಗೆ ಕೂರಿಸುತ್ತಿದ್ದ. ಹೊಸ ಲೆನ್ಸುಗಳ ಮಾತೆತ್ತಿದರೆ ಮೂಗು ಮುರಿಯುತ್ತಿದ್ದ. “ಅವು ಎಲ್ಲಾನೂ ತೋರಿಸ್ತಾವೆ. ಎಲ್ಲಾನೂ ತೋರಿಸೋದು ಸಿನಿಮಾ ಅಲ್ಲ, ಪೊಲೀಸ್ ಫೋಟೊ” ಎನ್ನುತ್ತಿದ್ದ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಕೇಳಿದವರು ಅದನ್ನು ಅವನಿಗೇ ತಿರುಗಿ ಹೇಳುತ್ತಿದ್ದರು.

ಅವನನ್ನು ಸಾಕಿದವಳು ದೊಡ್ಡಮ್ಮ, ತಾಯಿಯ ಅಕ್ಕ. ಆರು ವರ್ಷಕ್ಕೆ ತಾಯಿ ತೀರಿಕೊಂಡ ಮೇಲೆ ಅವನು ಬೆಳೆದದ್ದು ಅವಳ ಎರಡು ಕೋಣೆಯ ಮನೆಯಲ್ಲಿ, ಅವಳ ಮಗಳ ಜೊತೆ. ಆ ಮಗಳನ್ನು ಅವನು ಅಕ್ಕ ಎನ್ನುತ್ತಿದ್ದ. ದೊಡ್ಡಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಅಂಗಿಗೆ ಕಾಲರ್ ಹೊಲಿದವಳು. ಶಾಲೆಗೆ ಹೋದವಳಲ್ಲ, ತನ್ನ ಹೆಸರೊಂದನ್ನು ಬಿಟ್ಟರೆ ಬರೆಯಲು ಬಾರದು. ಅವಳ ಮಾತೆಲ್ಲ ಕೈಯಲ್ಲಿ. ಅದೂ ಪುಸ್ತಕದ ಸನ್ನೆಯಲ್ಲ, ಚಿಕ್ಕಂದಿನಲ್ಲಿ ಅವಳೂ ಅವನ ತಾಯಿಯೂ ಸೇರಿ ಕಟ್ಟಿಕೊಂಡ ಮನೆಸನ್ನೆ. ತಂಗಿ ಹೋದ ಮೇಲೆ ಅದನ್ನು ಪೂರ್ತಿ ಬಲ್ಲವಳು ಅಕ್ಕ ಒಬ್ಬಳೇ. ಕಾರ್ಖಾನೆಯ ಇಬ್ಬರು ಗೆಳತಿಯರಿಗೆ ಅರ್ಧ ಗೊತ್ತಿತ್ತು.

ಹಾಗಾದರೆ ಅದೇ ಮನೆಯಲ್ಲಿ ಉಂಡು ಬೆಳೆದ ಇವನಿಗೆ? ಇವನಿಗೆ ಐವತ್ತು ಸನ್ನೆ ಬಂದರೆ ಹೆಚ್ಚು. ಅದಕ್ಕೊಂದು ಕಾರಣವಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಂಬತ್ತು ವರ್ಷದವನಿದ್ದಾಗ ಒಂದು ದಿನ ದೊಡ್ಡಮ್ಮ ಶಾಲೆಯ ಗೇಟಿನ ಬಳಿ ನಿಂತು, ಎರಡೂ ಕೈ ಎತ್ತಿ, ದೂರದಿಂದಲೇ ಅವನೊಂದಿಗೆ ಮಾತಾಡತೊಡಗಿದಳು. ಹಿಂದಿದ್ದ ಹುಡುಗರು ಅವಳ ಹಾಗೆಯೇ ಕೈ ಆಡಿಸಿ ಬಿದ್ದು ಬಿದ್ದು ನಕ್ಕರು. ಇವನು ಓಡಿಹೋಗಿ ಅವಳ ಎರಡೂ ಕೈ ಹಿಡಿದು ಶಾಲಿನೊಳಗೆ ತುರುಕಿದ. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಕೈ ಹೊರಗೆ ತೆಗೆಯಲಿಲ್ಲ. ಅಂದಿನಿಂದ ಬೀದಿಯಲ್ಲಿ ಅವನ ಜೊತೆ ನಡೆಯುವಾಗ ಅವಳ ಕೈ ಶಾಲಿನೊಳಗೇ ಇರುತ್ತಿದ್ದವು. ಇವನೂ ಅವಳ ಕೈ ನೋಡುವುದನ್ನು ಬಿಟ್ಟು ಮುಖ ನೋಡುವುದನ್ನು ರೂಢಿ ಮಾಡಿಕೊಂಡ. ಬೇಕು, ಬೇಡ, ಬಾ, ಹೋಗು ಇಷ್ಟಕ್ಕೆ ಮುಖ ಸಾಕಾಗುತ್ತಿತ್ತು.

ಅವಳ ಎಪ್ಪತ್ತೊಂದನೆಯ ವಯಸ್ಸಿಗೆ ಸಣ್ಣದೊಂದು ಲಕ್ವ ಹೊಡೆದು, ಹದಿನೈದು ದಿನಕ್ಕೆ ಸರಿಹೋಯಿತು. ಇನ್ನೊಂದು ಸಲ ಬಂದರೆ ಕೈ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು. ಕೈ ಹೋದರೆ ಅವಳ ಮಾತು ಹೋದ ಹಾಗೆ. ಅಕ್ಕ ಅವನ ಸ್ಟುಡಿಯೊಗೆ ಬಂದಳು.

“ಅಮ್ಮ ಏನೋ ಹೇಳ್ಬೇಕಂತೆ ಕಣೋ. ಹುಟ್ಟಿದಾಗಿಂದ ಎಲ್ಲ. ನನ್ನೆದುರಿಗೆ ಹೇಳೋಕಾಗಲ್ವಂತೆ, ಕ್ಯಾಮೆರಾಗೆ ಹೇಳ್ತಾಳಂತೆ. ಆಮೇಲೆ ನಾನು ನೋಡ್ಬೇಕಂತೆ. ನೀನು ತೆಗೆದುಕೊಡು.”

“ನೀನು ಚಿಂತೆ ಬಿಡಕ್ಕ. ಸಿನಿಮಾ ಥರ ತೆಗೀತೀನಿ.”

“ಸಿನಿಮಾ ಏನೂ ಬೇಡ. ಕೈ ಓಡ್ತಿರೋವಾಗಲೇ ತೆಗೆದುಬಿಡು, ಅಷ್ಟೇ.”

ಕೇಳಬೇಕಾದ ಮಾತೆಲ್ಲ ಅದರಲ್ಲೇ ಇತ್ತು. ಮಬ್ಬಣ್ಣನ ಕಿವಿಗೆ ಬಿದ್ದದ್ದು ತಾನೇ ಆಡಿದ ಸಿನಿಮಾ ಎಂಬ ಮಾತು ಮಾತ್ರ.

ಎರಡು ದಿನ ಅವನು ಲೆನ್ಸು ಆರಿಸಿದ. ಮೂರನ್ನು ಮೇಜಿನ ಮೇಲಿಟ್ಟು ಹೊಸ ಸೊಸೆಗೆ ಒಡವೆ ಆರಿಸುವವನಂತೆ ಕೂತ. ಮೂವತ್ತೈದು ಎಂಎಂನದು ಅಗಲ, ತೊಡೆಯಿಂದ ತಲೆಯವರೆಗೆ ಎಲ್ಲ ಹಿಡಿಯುತ್ತದೆ, ಆದರೆ ‘ಅದರಲ್ಲಿ ಜೀವ ಇಲ್ಲ’. ನೂರಮೂವತ್ತೈದರದಕ್ಕೆ ದೂರ ನಿಲ್ಲಬೇಕು, ಆ ಕೋಣೆ ಸಾಲದು. ಐವತ್ತೆಂಟರದು ಅವನ ಪ್ರಾಣ. ಅದರ ಬಾಯಿ ಪೂರ್ತಿ ತೆರೆದರೆ ಕಿಟಕಿಯಾಚೆಯ ಎಲೆಗಳೆಲ್ಲ ಸುತ್ತುತ್ತಾ ತಲೆಯ ಹಿಂದೆ ಸುಳಿಯಾಗುತ್ತಿದ್ದವು, ನರೆಗೂದಲು ಹೊಳೆಯುತ್ತಿತ್ತು. ಆದರೆ ಹಾಗೆ ಪೂರ್ತಿ ತೆರೆದಾಗ ನಾಲ್ಕಡಿ ದೂರದಲ್ಲಿ ಸ್ಪಷ್ಟವಾಗಿ ಕಾಣುವುದು ಮೂರು ಬೆರಳಿನಗಲ ಜಾಗ ಮಾತ್ರ. ಅದರ ಹಿಂದಿನದೂ ಮಬ್ಬು, ಮುಂದಿನದೂ ಮಬ್ಬು. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬೇರೆಯವರಿಗೆ ಪಾಠ ಹೇಳಿಕೊಡುವಷ್ಟು ಗೊತ್ತಿತ್ತು.

ಶೂಟಿಂಗಿನ ದಿನ ಅಕ್ಕ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿದ್ದದ್ದು ಇಬ್ಬರೇ. ದೊಡ್ಡಮ್ಮ ತಲೆ ಬಾಚಿ, ಶಾಲು ಹೊದ್ದು, ಕಿಟಕಿಗೆ ಬೆನ್ನಾಗಿ ಕೂತಳು. ಅವನು ಫೋಕಸ್ಸನ್ನು ಅವಳ ಕಣ್ಣಿಗಿಟ್ಟ. ಅವಳು ಕೈ ಎತ್ತಿದಳು, ಮಾತಾಡಿದಳು. ನಲವತ್ತು ನಿಮಿಷ ನಿಲ್ಲಲಿಲ್ಲ. ನಡುವೆ ಅತ್ತಳು, ಒಮ್ಮೆ ನಕ್ಕಳು. ಇನ್ನೇನು ಮುಗಿಯಿತು ಅನ್ನುವಾಗ ಕ್ಯಾಮೆರಾದ ಹಿಂದಿದ್ದ ಅವನತ್ತ ಬೆರಳು ತೋರಿಸಿ, ಅವನ ಬಗ್ಗೆ ನಾಲ್ಕು ನಿಮಿಷ ಏನೇನೋ ಹೇಳಿದಳು. ಅವನು ತಲೆಯಾಡಿಸಿದ. ಒಂದೂ ಅರ್ಥವಾಗಿರಲಿಲ್ಲ. ಆಮೇಲೆ ಅಕ್ಕ ಬಿಡಿಸಿ ಹೇಳುತ್ತಾಳಲ್ಲ ಅಂದುಕೊಂಡ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅವಳ ರೆಪ್ಪೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ಒಂದಡಿ ಮುಂದೆ ಆಡುತ್ತಿದ್ದ ಕೈಗಳು ಮಂಜಿನಲ್ಲಿ ಹಾರುವ ಹಕ್ಕಿಗಳಂತಿದ್ದವು. ಅವನು ಅದನ್ನು ಕಂಡ. ಕಂಡು, ಎಷ್ಟು ಚೆಂದ ಅಂದುಕೊಂಡ. ಲೆನ್ಸಿನ ಕೊರಳಲ್ಲಿರುವ ಉಂಗುರವನ್ನು ಒಂದಿಷ್ಟು ತಿರುಗಿಸಿ ಬಾಯಿ ಕಿರಿದು ಮಾಡಿ, ದೀಪ ಹಾಕಿ, ಹೆಜ್ಜೆ ಹಿಂದೆ ಸರಿದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ಇಲ್ಲಿಯವರೆಗಿನದನ್ನು ಬೇಕಾದರೆ ತಪ್ಪು ಎನ್ನೋಣ. ಮುಂದಿನದಕ್ಕೆ ಆ ಹೆಸರೂ ಸಾಲದು. ಮೂರನೆಯ ವಾರ ಅವನು ಅದರಲ್ಲೊಂದು ನಿಮಿಷದ ತುಣುಕನ್ನು, ಲೆನ್ಸಿನ ಹೆಸರು ಹಾಕಿ, ಕಸುಬಿನವರ ಗುಂಪಿನಲ್ಲಿ ಹಂಚಿಕೊಂಡ. ನಾನೂರು ಜನ ಮೆಚ್ಚಿದರು. ‘ಆಹಾ ಮಬ್ಬಣ್ಣ’ ಎಂದರು. ಅಟ್ಟಕ್ಕೇರಿಸುವವರಿಗೆ ಏಣಿಯ ಕೊರತೆ ಎಲ್ಲಿ? ಅವರ ನಡುವೆ ಮುಖವಿಲ್ಲದ ಯಾರೋ ಒಬ್ಬರು ಬರೆದರು: ‘ನನಗೂ ಕಿವಿ ಕೇಳುವುದಿಲ್ಲ. ಈ ತಾಯಿ ಏನು ಹೇಳುತ್ತಿದ್ದಾರೆ? ಕೈಯೇ ಕಾಣುವುದಿಲ್ಲವಲ್ಲ.’

ಅವನು ಅದನ್ನು ಎರಡು ಸಲ ಓದಿದ. ಕಿವಿ ಬಿಸಿಯಾಯಿತು. ಇನ್ನೂ ಯಾರ ಕಣ್ಣಿಗೂ ಬೀಳುವ ಮೊದಲೇ ಅಳಿಸಿಹಾಕಿದ. ಆ ದಿನ ದೊಡ್ಡಮ್ಮನ ಕೈ ನೆಟ್ಟಗಿತ್ತು. ಎರಡು ಬೀದಿಯಾಚೆ ಕೂತು ಬಟಾಣಿ ಸುಲಿಯುತ್ತಿದ್ದಳು.

ವಿಡಿಯೊವನ್ನು ಅಕ್ಕನಿಗೆ ಕೊಡದೆ ಅವನು ಅದರ ಬಣ್ಣ ತಿದ್ದುತ್ತಲೇ ಇದ್ದ. ಒಂಬತ್ತನೆಯ ವಾರ ಎರಡನೆಯ ಲಕ್ವ ಬಂತು. ಜೀವ ಉಳಿಯಿತು, ಬಲಗೈ ಹೋಯಿತು. ಆಸ್ಪತ್ರೆಯ ಓಣಿಯಲ್ಲಿ ಅಕ್ಕ ಅವನ ತೋಳು ಹಿಡಿದು, “ನೀನು ಮೊದಲೇ ತೆಗೆದಿಟ್ಟೆ. ನಿನ್ನ ಋಣ ಹೇಗೆ ತೀರಿಸ್ಲೋ” ಎಂದು ಅತ್ತಳು. ಅವನು ನೆಲ ನೋಡುತ್ತಾ ನಿಂತ. ಪೂರ್ತಿ ಹಾಗಿರಲಿಕ್ಕಿಲ್ಲ, ನಡುವೆ ಎಲ್ಲೋ ಕಾಣುತ್ತಿರಬಹುದು ಎಂದು ತನಗೆ ತಾನೇ ಹೇಳಿಕೊಂಡ.

ಅವಳು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಟಿವಿಯ ಮುಂದೆ ಕೂತರು. ದೊಡ್ಡಮ್ಮ, ಅಕ್ಕ, ಅಕ್ಕನ ಹತ್ತು ವರ್ಷದ ಮಗಳು, ಕಾರ್ಖಾನೆಯ ಗೆಳತಿಯರಿಬ್ಬರು. ಚಿತ್ರ ಬಂತು. “ಅಬ್ಬಬ್ಬ, ಇವಳೇನು ರಾಣಿ ಥರ ಕಾಣ್ತಾಳೆ!” ಎಂದಳು ಒಬ್ಬ ಗೆಳತಿ. ಮಗು ಅಕ್ಕನ ಮೊಣಕೈ ಜಗ್ಗಿತು.

“ಅಮ್ಮಾ, ಅಜ್ಜಿ ಏನು ಹೇಳ್ತಿದಾಳೆ?”

“ತಡಿ, ಹೇಳ್ತೀನಿ. ‘ನಾನು ಹುಟ್ಟಿದಾಗ... ನಮ್ಮಮ್ಮ...’” ಅಕ್ಕ ಮುಂದೆ ಬಾಗಿದಳು. ಕನ್ನಡಕ ಒರೆಸಿ ಹಾಕಿಕೊಂಡಳು. “ಸ್ವಲ್ಪ ಹಿಂದೆ ಹೋಗೋ.”

ಅವನು ಹಿಂದೆ ಹೋದ. ಮತ್ತೆ ಹಿಂದೆ ಹೋದ.

“ಕೈ ಕಾಣ್ತಿಲ್ಲ ಕಣೋ.”

“ಮುಂದೆ ಕಾಣುತ್ತೆ ಅಕ್ಕ.”

ಮುಂದೆಯೂ ಕಾಣಲಿಲ್ಲ. ನಲವತ್ತು ನಿಮಿಷವೂ ಕಾಣಲಿಲ್ಲ. ಗಲ್ಲಕ್ಕೆ, ಕೆನ್ನೆಗೆ, ಹಣೆಗೆ ತಾಗಿಸಿ ಆಡುವ ಮಾತುಗಳು ಮಾತ್ರ, ಆ ಮೂರು ಬೆರಳಿನಗಲದೊಳಗೆ ಬಂದದ್ದರಿಂದ, ಸ್ಪಷ್ಟವಾಗಿದ್ದವು. ಅಕ್ಕ ಹಳೆಯ ಬಿಲ್ಲಿನ ಹಿಂದೆ ಅವನ್ನು ಬರೆದುಕೊಳ್ಳುತ್ತಾ ಹೋದಳು. ಅಮ್ಮ. ನೀರು. ಸುಳ್ಳು. ನಿದ್ದೆ. ಹೆಣ್ಣು. ಮತ್ತೆ ಸುಳ್ಳು. ಹೀಗೆ ಹದಿನೆಂಟು ಮಾತು. ಯಾರು ಯಾರಿಗೆ ಸುಳ್ಳು ಹೇಳಿದರು, ಯಾವ ಹೆಣ್ಣು, ಎಲ್ಲಿಯ ನೀರು, ಎಲ್ಲ ಆ ಚೆಂದದ ಮಬ್ಬಿನಲ್ಲಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಎರಡೂ ಆಗಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ತಲೆ ಎತ್ತಬಹುದಿತ್ತೇನೊ. ಅಕ್ಕ ಪೆನ್ನು ಕೆಳಗಿಟ್ಟು, “ನಿನಗೆ ಅವತ್ತು ಗೊತ್ತಾಗಲಿಲ್ವೇನೋ?” ಎಂದು ಮೆಲ್ಲಗೆ ಕೇಳಿದಳು, ಅಷ್ಟೇ.

“ಗೊತ್ತಿತ್ತು” ಎಂದ. ಅಳಿಸಿಹಾಕಿದ ಆ ಸಾಲಿನ ವಿಷಯವನ್ನೂ ಹೇಳಿದ. ಹೇಳುವಾಗ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನೆಲ ನುಂಗಲಿಲ್ಲ, ಅಕ್ಕ ಎದ್ದು ಒಳಗೆ ಹೋದಳು.

ದೊಡ್ಡಮ್ಮ ಟಿವಿ ನೋಡಿದಳು, ಮಗಳು ಹೋದ ಬಾಗಿಲು ನೋಡಿದಳು, ಅವನ ಮುಖ ನೋಡಿದಳು. ಯಾರೂ ಹೇಳದೆಯೇ ಅವಳಿಗೆ ಎಲ್ಲ ತಿಳಿದಿರಬೇಕು. ಎಡಗೈಯಿಂದ ಬಲಗೈಯನ್ನು ಎತ್ತಿಕೊಂಡು ಶಾಲಿನೊಳಗೆ ಇಟ್ಟಳು. ಆಮೇಲೆ ಎಡಗೈಯನ್ನೂ ಒಳಗೆ ಹಾಕಿಕೊಂಡಳು. ಮೂವತ್ತೈದು ವರ್ಷದ ಹಿಂದೆ ಗೇಟಿನ ಬಳಿ ನಿಂತಿದ್ದ ಹಾಗೆಯೇ ಕೂತಳು. ಮಬ್ಬಣ್ಣ ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗೆ ಇಳಿದ.

ತಿಂಗಳು ಕಳೆದು ಅವನು ಮತ್ತೆ ಬಂದ. ಅಕ್ಕ ಬಾಗಿಲು ತೆಗೆದು ಒಳಗೆ ಹೋದಳು, ತಡೆಯಲಿಲ್ಲ. ಈ ಸಲ ಅವನು ತಂದದ್ದು ಕ್ಯಾಮೆರಾದ ಜೊತೆ ಡಬ್ಬಿಯಲ್ಲೇ ಬಂದಿದ್ದ, ಒಂದು ದಿನವೂ ಬಳಸದಿದ್ದ ಸಾದಾ ಲೆನ್ಸು. ಮೂರು ದೀಪ ಹಚ್ಚಿದ. ಹಿಂದಿನ ಸ್ವಿಚ್‌ಬೋರ್ಡು, ಗೋಡೆಯ ಬಿರುಕು, ಬಾಗಿಲ ಹಿಂದಿನ ಪೊರಕೆ ಎಲ್ಲವೂ ಪೊಲೀಸ್ ಫೋಟೊದ ಹಾಗೆ ಕಾಣುತ್ತಿತ್ತು.

ದೊಡ್ಡಮ್ಮ ಕೈ ಎತ್ತಲಿಲ್ಲ. ಗದ್ದ ಮುಂದೆ ಮಾಡಿ ಅವನನ್ನು ಕರೆದಳು. ಕ್ಯಾಮೆರಾದ ಹಿಂದೆ ಅಲ್ಲ, ಇಲ್ಲಿ, ಎದುರಿಗೆ. ಅವನು ಸ್ಟೂಲು ಎಳೆದು ಕೂತ. ಅಭ್ಯಾಸಬಲದಿಂದ ಮುಖ ನೋಡಿದ. ಅವಳು ಎಡಗೈಯಿಂದ ಅವನ ಗಲ್ಲ ಹಿಡಿದು ಕೆಳಕ್ಕೆ ಬಾಗಿಸಿದಳು, ತನ್ನ ಕೈಯ ಕಡೆಗೆ.

ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ, ತೊದಲುವವರ ಹಾಗೆ ಹೇಳಿದಳು. ಗೇಟು. ನೀನು ಚಿಕ್ಕವನು. ನನ್ನ ಕೈ. ಶಾಲು. ಅಷ್ಟು ಅವನಿಗೆ ಅರ್ಥವಾಯಿತು. ಅವಳಿಗೆ ನೆನಪಿದೆ, ಎಂದೂ ಮರೆತಿರಲಿಲ್ಲ. ಅವನು ಮಕ್ಕಳ ಹಾಗೆ ಬಿಕ್ಕಿದ. ಸಮಾಧಾನ ಮಾಡಿಕೊಂಡು, ತನಗೆ ಬರುವ ಐವತ್ತರಲ್ಲಿ ನಾಲ್ಕೈದನ್ನು ಜೋಡಿಸಿ, ತಪ್ಪು ತಪ್ಪಾಗಿ ಕೇಳಿದ: ಅವತ್ತು. ಕೊನೆಗೆ. ನನ್ನ ಬಗ್ಗೆ. ಏನು ಹೇಳಿದೆ?

ಅವಳು ನಕ್ಕಳು. ಹೇಳಲು ಹೊರಟವಳಂತೆ ಎಡಗೈ ಎತ್ತಿದಳು. ಆ ಕೈ ಗಾಳಿಯಲ್ಲಿ ತನ್ನ ಜೊತೆಗಾರನಿಗೆ ಕಾಯುತ್ತಾ ನಿಂತಿತು. ಆಮೇಲೆ ಅದನ್ನು ಇಳಿಸಿ, ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ತಟ್ಟಿ, ಎರಡು ಬೆರಳು ತೋರಿಸಿದಳು. ಈ ಸಲ ಬಿಡಿಸಿ ಹೇಳಲು ಅಕ್ಕ ಬೇಕಾಗಲಿಲ್ಲ. ಅದನ್ನು ಹೇಳೋಕೆ ಎರಡು ಕೈ ಬೇಕು.

ಕ್ಯಾಮೆರಾ ಓಡುತ್ತಲೇ ಇತ್ತು. ಅದರಲ್ಲಿ ಎಲ್ಲವೂ ಸ್ಪಷ್ಟವಾಗಿ ಬಂದಿದೆ.