ಪೆಟ್ಟಿಗೆ ಟಿವಿಯದೋ ಕಂಪ್ಯೂಟರಿನದೋ

ವ್ಯಾಟ್ ಜಾರಿಗೆ ಬಂದು ಕೆಲವು ವರ್ಷಗಳಾಗಿದ್ದವು. ನಾನು ಆಗ ಜಮಖಂಡಿಯಲ್ಲಿ ಒಬ್ಬ ತೆರಿಗೆ ಸಲಹೆಗಾರರ ಕೈಕೆಳಗೆ ಕೆಲಸಕ್ಕಿದ್ದೆ. ಬೆಲ್ಲ, ಸಿಮೆಂಟ್, ಸೀರೆ, ಪಂಪ್‌ಸೆಟ್ಟು, ಯಾವುದಕ್ಕೆ ಯಾವ ದರ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಬನಹಟ್ಟಿಯ ಅಂಗಡಿಕಾರರೊಬ್ಬರು ಚಪ್ಪಲಿ ಡಬ್ಬಿಯಷ್ಟಿದ್ದ ಕಪ್ಪು ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ಅಕ್ಕಾರ, ಇದು ಟಿವಿ ಸಾಮಾನೋ ಕಂಪ್ಯೂಟರ್ ಸಾಮಾನೋ ನೀವ ಹೇಳ್ರಿ" ಎಂದರು. ನಾನು ದರಪಟ್ಟಿಯ ಹಾಳೆ ತಿರುವತೊಡಗಿದೆ.

ಅವರದು ಕುರಿ ಸಾಕುವ ಮನೆತನ. ತಂದೆ ಇನ್ನೂ ಚಿಮ್ಮಡದ ಸುತ್ತ ಹಿಂಡು ಮೇಯಿಸುತ್ತಿದ್ದರು. ಮಗ ಕೇಬಲ್ ಟಿವಿಯ ಸಾಮಾನು ಮಾರುತ್ತಿದ್ದವರು, ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಈ ಪೆಟ್ಟಿಗೆಗಳನ್ನೂ ಮಾರತೊಡಗಿದ್ದರು. ಕಂಪ್ಯೂಟರ್ ಸಾಮಾನಿಗೆ ತೆರಿಗೆ ಕಡಿಮೆ, ಟಿವಿ ಸಾಮಾನಿಗೆ ಹೆಚ್ಚು. ಗಿರಾಕಿಗಳಿಂದ ಅವರು ತೆಗೆದುಕೊಂಡಿದ್ದು ಕಡಿಮೆ ದರವನ್ನೇ. ಆಮೇಲೆ ಯಾರೋ ಹೆದರಿಸಿದರೆಂದು ಎರಡರ ನಡುವಿನ ವ್ಯತ್ಯಾಸವನ್ನು ಸ್ವಂತ ಕಿಸೆಯಿಂದ ಸರ್ಕಾರಕ್ಕೆ ಕಟ್ಟಿಬಿಟ್ಟಿದ್ದರು. ಈಗ ಅದನ್ನು ವಾಪಸ್ ಕೇಳಬೇಕಿತ್ತು.

"ಇದು ಏನ್ ಮಾಡ್ತೈತ್ರಿ?" ಎಂದು ಕೇಳಿದೆ.

"ಒಂದು ತಂತಿಯೊಳಗ ಬಂದಿದ್ದನ್ನ ನಾಕೈದು ತಂತಿಗೆ ಹಂಚ್ತೈತ್ರಿ."

"ಟಿವಿ ಪೆಟಿಗಿಗೋಳೂ ಅದನ್ನ ಮಾಡ್ತಾವಲ್ರಿ?"

"ಹೌದ್ರಿ" ಎಂದು ಅವರು ತಲೆ ಕೆರೆದುಕೊಂಡರು.

ತೆರಿಗೆ ಇಲಾಖೆಗೆ ಅರ್ಜಿ ಹಾಕಿದೆವು. ಟಿವಿ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರುಗಳ ಲೆಕ್ಕವನ್ನೂ ಅದರಲ್ಲೇ ಸೇರಿಸಿದೆವು. ವಿಚಾರಣೆಯ ದಿನ ನಮ್ಮ ಸಾಹೇಬರು ನಿಯಮಗಳನ್ನು ಗಟ್ಟಿಯಾಗಿ ಓದಿದರು. ಅಧಿಕಾರಿ ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಹೆಣ್ಣುಮಗಳು. ಓದು ಮುಗಿಯುವವರೆಗೂ ಅವರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೊನೆಗೆ, "ಇದು ಕೆಲಸ ಮಾಡೋದನ್ನ ಎಲ್ಲಾದರೂ ನೋಡಬಹುದಾ?" ಎಂದರು. ಅಂಥ ಪ್ರಶ್ನೆಯನ್ನು ನಾನು ಆ ಕಚೇರಿಯಲ್ಲಿ ಕೇಳಿರಲಿಲ್ಲ. ಸಾಹೇಬರಿಗೆ ಮೊಣಕಾಲು ನೋವು. "ನೀವ ಹೋಗಿ ತೋರಿಸಿ ಬರ್ರಿ" ಎಂದು ನನ್ನನ್ನು ಕಳಿಸಿದರು.

ಅಂಗಡಿಕಾರರು ನಮ್ಮನ್ನು ಬನಹಟ್ಟಿಯಲ್ಲಿ ಪೆಟ್ಟಿಗೆ ಕೊಂಡಿದ್ದ ನೇಕಾರರೊಬ್ಬರ ಮನೆಗೆ ಕರೆದೊಯ್ದರು. ಹಿಂದೆ ಮಗ್ಗಗಳು, ಮುಂದೆ ಪಡಸಾಲೆ. ಪಡಸಾಲೆಯಲ್ಲಿ ಅಜ್ಜಿ ಧಾರಾವಾಹಿ ನೋಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ಸೊಸೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕಪ್ಪು ಪೆಟ್ಟಿಗೆ ಗೋಡೆಯ ಮೇಲಿತ್ತು. ಹಸಿರು ದೀಪಗಳು ಮಿಣಮಿಣ ಎನ್ನುತ್ತಿದ್ದವು.

"ಇದನ್ನ ಆಫ್ ಮಾಡಿ. ಟಿವಿ ನಿಂತರೆ ಟಿವಿ ಸಾಮಾನು, ಇಲ್ಲದಿದ್ದರೆ ಇಲ್ಲ" ಎಂದರು ಅಧಿಕಾರಿ. ಇಷ್ಟು ಸರಳವೇ ಎನಿಸಿತು. ಅಂಗಡಿಕಾರರು ಸ್ವಿಚ್ ಒತ್ತಿದರು.

ಪಡಸಾಲೆಯಿಂದ ಅಜ್ಜಿಯ ದನಿ ಬಂತು: "ಯಾರ್ಲೇ ಅದು? ಟಿವಿ ಹೋತಲ್ಲ!"

ಅಂಗಡಿಕಾರರ ಮುಖ ಬಿಳಿಚಿಕೊಂಡಿತು. ಕೇಸು ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಆದರೆ ಅಧಿಕಾರಿ ಏನನ್ನೂ ಬರೆದುಕೊಳ್ಳಲಿಲ್ಲ. ಕುರ್ಚಿ ತರಿಸಿ, ಸೀರೆಯ ನಿರಿಗೆ ಎತ್ತಿ ಹಿಡಿದು ಮೇಲೆ ಹತ್ತಿದರು. ಗೋಡೆಯ ಮೇಲಿನ ವಯರುಗಳ ಜಾಡನ್ನು ಬೆರಳಲ್ಲಿ ಹಿಡಿದು ನೋಡಿದರು. ನಾನು ಕೆಳಗಿಂದ ಕುರ್ಚಿ ಹಿಡಿದುಕೊಂಡಿದ್ದೆ. "ರೀ, ಇಲ್ಲಿ ನೋಡಿ" ಎಂದು ಕರೆದರು. ಕೇಬಲ್ ಟಿವಿಯ ಆಂಪ್ಲಿಫೈಯರಿಗೂ ಕಪ್ಪು ಪೆಟ್ಟಿಗೆಗೂ ಕರೆಂಟು ಬರುತ್ತಿದ್ದುದು ಒಂದೇ ಪ್ಲಗ್ಗಿನಿಂದ. ಅದಕ್ಕೇ ಎರಡೂ ಜೊತೆಯಲ್ಲಿ ಸತ್ತಿದ್ದವು.

ಬೇರೆ ಬೇರೆ ಮಾಡಿಸಿ ಮತ್ತೆ ಸ್ವಿಚ್ ಒತ್ತಿಸಿದರು. ಪೆಟ್ಟಿಗೆಯ ದೀಪ ಆರಿತು.

"ಅಜ್ಜಿ, ಟಿವಿ ಬರ್ತಿದೆಯಾ?"

"ಬರಾಕತ್ತೈತಿ. ಇನ್ನ ಕೈ ಹಚ್ಚಬ್ಯಾಡ್ರಿ ಅದಕ್ಕ!"

ಇತ್ತ ಕೋಣೆಯಲ್ಲಿ ಸೊಸೆ, "ಅಯ್ಯ, ನಂದು ನಿಂತು ಹೋತ ನೋಡ್ರಿ" ಎಂದಳು. ಹೋಗಿ ನೋಡಿದೆವು. ವ್ಯಾಪಾರಿಯೊಬ್ಬರು ಕಳಿಸಿದ್ದ ಸೀರೆ ಸೆರಗಿನ ಚಿತ್ರ ಪರದೆಯ ಮೇಲೆ ಅರ್ಧ ಇಳಿದು ನಿಂತಿತ್ತು. ಪೆಟ್ಟಿಗೆ ಮತ್ತೆ ಹಚ್ಚಿದ ಮೇಲೆ ಇನ್ನೊಮ್ಮೆ ಮೊದಲಿಂದ ಶುರುವಾಗಿ, ಪಟ್ಟಿ ಪಟ್ಟಿಯಾಗಿ ಮೇಲಿಂದ ಕೆಳಗೆ ಇಳಿಯಿತು. ಕೆಂಪು ಬಣ್ಣದ ಅಂಚು ಪೂರ್ತಿ ಕಾಣುವವರೆಗೆ ಅಧಿಕಾರಿಯೂ ನಾನೂ ಕದಲಲಿಲ್ಲ. ಧಾರಾವಾಹಿ ಮುಗಿಸಿದ ಅಜ್ಜಿಯೂ ಬಂದು ಇಣುಕಿ, "ಇನ್ನೂ ನೇಯ್ದಿಲ್ಲ, ಆಗಲೇ ಸೀರಿ ಬಂತೇನ?" ಎಂದರು. ಅಧಿಕಾರಿ ನಕ್ಕುಬಿಟ್ಟರು. ಆಮೇಲೆ ಚಹಾ ಕುಡಿಯುತ್ತ ಸೊಸೆಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಅವುಗಳಲ್ಲಿ ತೆರಿಗೆಯದು ಒಂದೂ ಇರಲಿಲ್ಲ.

ಕೆಲವು ವಾರಗಳ ಮೇಲೆ ಆದೇಶ ಬಂತು. ಪೆಟ್ಟಿಗೆಗಳ ಮೇಲೆ ಹೆಚ್ಚಾಗಿ ಕಟ್ಟಿದ್ದನ್ನು ಮರಳಿಸಬೇಕು. ಅದೇ ಅರ್ಜಿಯಲ್ಲಿ ಸೇರಿಸಿದ್ದ ಆಂಪ್ಲಿಫೈಯರುಗಳದ್ದು ಇಲ್ಲ. ಸಾಹೇಬರು ಮೇಲ್ಮನವಿ ಹಾಕೋಣ ಎಂದರು. ಅಂಗಡಿಕಾರರು ಒಪ್ಪಲಿಲ್ಲ. "ಬ್ಯಾಡ್ರೀ ಸಾಹೇಬ್ರ. ಅವು ಟಿವಿ ಸಾಮಾನ ಖರೆ. ಕಣ್ಣಾರೆ ನೋಡೇವಲ್ಲ" ಎಂದರು.

ನನಗೆ ಮಾತ್ರ ಒಂದು ಚಟ ಅಂಟಿತು. ಮುಧೋಳದ ವ್ಯಾಪಾರಿ ಸಿಮೆಂಟಿನ ಲೆಕ್ಕ ತಂದರೆ ಸಿಮೆಂಟಿಗೆ ಸುಣ್ಣದ ಕಲ್ಲನ್ನು ಎಲ್ಲಿ ಹೇಗೆ ಸುಡುತ್ತಾರೆಂದು ಕೇಳುತ್ತಿದ್ದೆ. ಒಮ್ಮೆ ರಜೆಯ ದಿನ ಬಸ್ಸು ಹತ್ತಿ ಮಹಾಲಿಂಗಪುರಕ್ಕೆ ಹೋಗಿ, ಆಲೆಮನೆಯೊಂದರಲ್ಲಿ ಪಾಕ ಗಟ್ಟಿಯಾಗುವವರೆಗೂ ನಿಂತೆ. ಬೆಲ್ಲದ ಲೆಕ್ಕವನ್ನು ಅಷ್ಟು ವರ್ಷ ಬರೆದಿದ್ದರೂ, ಅಚ್ಚಿಗೆ ಸುರಿಯುವಾಗ ಅದು ಅಷ್ಟು ಘಮ್ಮೆನ್ನುತ್ತದೆಂದು ನನಗೆ ಗೊತ್ತೇ ಇರಲಿಲ್ಲ.