ಎಂಟನೇ ಪುಟದ ಮಡಿಕೆ

ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಇನ್ಸ್‌ಪೆಕ್ಟರು ಬರುತ್ತಾರೆ ಅಂದರೆ ಸಾಕು, ಬೆವರುತ್ತಿದ್ದೆ. ನಿವೃತ್ತನಾಗಿ ಮದ್ದೂರಿನ ಮನೆಯಲ್ಲಿ ಕೂತ ಮೇಲಾದರೂ ಅದು ಬಿಟ್ಟೀತು ಅಂದುಕೊಂಡೆ. ಆದರೆ ಅಷ್ಟರಲ್ಲಿ ಹಳೆಯ ಕನ್ನಡ ಕಾಮಿಕ್ಸ್ ಕೂಡಿಡುವ ಚಟ ಹತ್ತಿ ಬಹಳ ಕಾಲವಾಗಿತ್ತು. ಈಗ ಗೆದ್ದಲಿಗೆ, ಇಲಿಗೆ, ಸೋರುವ ಸೂರಿಗೆ, ರಜಕ್ಕೆ ಬರುವ ಮೊಮ್ಮಕ್ಕಳಿಗೆ, ಎಲ್ಲಕ್ಕೂ ಹೆದರುತ್ತೇನೆ.

ಜನ ಪುಸ್ತಕ ತಂದು ಅಪರೂಪದ್ದೋ ಅಲ್ಲವೋ ಹೇಳಿ ಅನ್ನುತ್ತಾರೆ. ಹಳೆಯದೆಲ್ಲ ಅಪರೂಪ ಎಂದು ಅವರ ಎಣಿಕೆ. ನಾನು ಮೊದಲು ಕೊನೆಯ ಪುಟ ತಿರುಗಿಸಿ ಯಾವ ಪ್ರೆಸ್ಸಿನಲ್ಲಿ ಅಚ್ಚಾಯಿತು ಎಂದು ನೋಡುತ್ತೇನೆ. ಆಮೇಲೆ ಪಿನ್ನಿನ ತುಕ್ಕು ನೋಡುತ್ತೇನೆ. ಅಚ್ಚಾದದ್ದು ಎಷ್ಟು ಎನ್ನುವುದಕ್ಕಿಂತ ಉಳಿದದ್ದು ಎಷ್ಟು ಎನ್ನುವುದು ಮುಖ್ಯ. ನಮ್ಮ ಕಡೆ ಮಕ್ಕಳ ಪುಸ್ತಕ ಉಳಿಯುವುದು ಸುಲಭವಲ್ಲ. ಕಡಲೆಕಾಯಿ ಪೊಟ್ಟಣವಾಗುತ್ತದೆ, ಒಲೆ ಹೊತ್ತಿಸುತ್ತದೆ, ಗೋಡೆಗೂಡಿನ ಹಾಸಾಗುತ್ತದೆ. ಇಷ್ಟು ವರ್ಷ ಮಂಡ್ಯ, ಮಳವಳ್ಳಿಯ ಗುಜರಿ ಅಂಗಡಿಗಳಲ್ಲಿ ಎಷ್ಟು ಸಲ ಕಂಡಿದ್ದೇನೆ ಎಂದು ನೆನಪು ಕೆದಕುವುದೇ ಕಡೆಯ ಪರೀಕ್ಷೆ.

ಇನ್ನೊಂದು ಗುಟ್ಟನ್ನೂ ಹೇಳಿಬಿಡಬೇಕು. ನಮ್ಮಪ್ಪ ದನದ ವ್ಯಾಪಾರಿ. ಸಂತೆಯಲ್ಲಿ ಯಾವ ಎತ್ತಿನ ಮೇಲೆ ಮನಸ್ಸಾಯಿತೋ ಅದನ್ನೇ ಹಳಿಯುತ್ತಿದ್ದರು. ಸುಳಿ ಸರಿಯಿಲ್ಲ, ಕಾಲು ಸೊಟ್ಟ ಎಂದು ಮುಖ ಸಿಂಡರಿಸಿ ಹೊರಟುಹೋಗಿ, ಟೀ ಕುಡಿದು, ಸಂಜೆ ಹೊತ್ತಿಗೆ ಅದನ್ನೇ ಹೊಡೆದುಕೊಂಡು ಬರುತ್ತಿದ್ದರು. ಆ ಬುದ್ಧಿ ನನಗೂ ಬಂದಿದೆ. ಬೇಡದ ಪುಸ್ತಕವನ್ನು ಬಾಯಿ ತುಂಬ ಹೊಗಳುತ್ತೇನೆ. ಬೇಕಾದದ್ದು ಕಂಡರೆ ಮೂಗು ಮುರಿಯುತ್ತೇನೆ.

ಹಲಗೂರಿನ ಬಸ್ ಸ್ಟಾಪಿನಲ್ಲಿ ಪರಿಚಯದ ಒಬ್ಬ ಅಂಗಡಿಯವನಿದ್ದಾನೆ. ಅಲ್ಲೊಬ್ಬ ರಿಟೈರಾದ ಬಸ್ ಕಂಡಕ್ಟರರ ಮನೆಯಲ್ಲಿ ಹಳೆಯ ಚಿತ್ರಕತೆ ಪುಸ್ತಕ ಇದೆ ಎಂದು ಹೇಳಿದವನು ಅವನೇ. ಹೋದೆ. ಲಕ್ವ ಹೊಡೆದು ಮಾತು ನಿಂತಿದ್ದ ಆ ಮನುಷ್ಯ ಮಂಚದ ಮೇಲೆ ಮಲಗಿದ್ದರು. ಅವರ ಹೆಂಡತಿ ಟಿಕೆಟ್ ಇಡುವ ತಗಡಿನ ಪೆಟ್ಟಿಗೆ ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕವನ್ನು ನನ್ನ ಕೈಗಿಟ್ಟರು.

ಕೊನೆಯ ಪುಟ ತಿರುಗಿಸಿದೆ. ಮಂಡ್ಯದ ಪುಟ್ಟ ಪ್ರೆಸ್ಸು. ಒಂದೇ ಸಂಚಿಕೆ ತಂದು ಬಾಗಿಲು ಹಾಕಿದ್ದು. ಹಳೆಯ ಪತ್ರಿಕೆಯೊಂದರಲ್ಲಿ ಇದರ ಜಾಹೀರಾತು ಕಂಡ ದಿನದಿಂದ ಹುಡುಕುತ್ತಿದ್ದೆ, ಒಂದು ಪ್ರತಿಯನ್ನೂ ಕಂಡಿರಲಿಲ್ಲ. ಕಂಡವರನ್ನೂ ಕಂಡಿರಲಿಲ್ಲ. ಮುಖಪುಟದಲ್ಲಿ ಕುದುರೆ ಏರಿದ ಹುಡುಗಿ. ಒಳಗೆ ಯಾವುದೋ ಮಗು ನೀಲಿ ಪೆನ್ಸಿಲಿನಲ್ಲಿ ಬಣ್ಣ ತುಂಬುತ್ತಾ ಹೋಗಿ ಎಂಟನೇ ಪುಟದಲ್ಲಿ ನಿಲ್ಲಿಸಿತ್ತು. ಹುಡುಗಿ ಬಾವಿಗಿಳಿದಾಗ ಹಗ್ಗ ತುಂಡಾಗುವ ಪುಟ ಅದು. ಅದರ ಮೂಲೆ ಮಡಿಸಿತ್ತು.

"ಇವರ ಬಸ್ಸಲ್ಲಿ ಯಾವ್ದೋ ಮಗು ಬುಟ್ಟೋಗಿದ್ದು," ಎಂದರು ಆಕೆ. "ನಲವತ್ತು ವರ್ಸದ ಮ್ಯಾಲಾಯ್ತು. ಅರ್ಧ ಓದೈತೆ ಪಾಪ, ಮುಂದೇನಾಯ್ತು ಅಂತ ಅದ್ಕೆ ಗೊತ್ತಿಲ್ಲ, ಬಂದು ಕೇಳ್ತದೆ ಅಂತ ಮಡಗವ್ರೆ. ಇಂಥದು ಬ್ಯಾರೆ ಕಡೆ ಸಿಕ್ತದಾ ಮೇಷ್ಟ್ರೇ? ದಿಟ ಏಳಿ."

ಬೆಲೆ ಕೇಳುವ ಪೀಠಿಕೆ ಅಂದುಕೊಂಡೆ. ಅಪ್ಪನಂತೆ ಮುಖ ಸಿಂಡರಿಸಿದೆ. "ಅಯ್ಯೋ, ಇಂಥವು ಎಲ್ಲಾ ಕಡೆ ಬಿದ್ದವೆ ಕಣಮ್ಮ. ಯಾವ ಗುಜರಿಗೋದ್ರೂ ಸಿಕ್ತವೆ."

"ಅಂಗಾದ್ರೆ ಸರಿ ಬುಡಿ," ಎಂದು ಆಕೆ ನಿಟ್ಟುಸಿರು ಬಿಟ್ಟು ಪುಸ್ತಕವನ್ನು ಪೆಟ್ಟಿಗೆಗೆ ಹಾಕಿದರು. ನಾನು ಎದ್ದು ಬಂದೆ. ಹದಿನೈದು ದಿನ ಬಿಟ್ಟು ಹೋದರೆ ಅಗ್ಗವಾಗಿ ಕೈಗೆ ಬರುತ್ತದೆ ಎಂಬ ಲೆಕ್ಕಾಚಾರ.

ಹನ್ನೊಂದನೇ ದಿನ ಮಧ್ಯಾಹ್ನದ ಹೊತ್ತಿಗೆ ಅಂಗಡಿಯವನ ಫೋನು ಬಂತು. "ಕಂಡಕ್ಟ್ರು ತೀರ್ಕಂಡ್ರು ಮೇಷ್ಟ್ರೇ. ಮೂರು ಗಂಟೆಗೆ ಮಣ್ಣು. ಆ ಪುಸ್ತಕನೂ ಜೊತೇಲೇ ಇಡ್ತಾರಂತೆ. ಎಲ್ಲಾ ಕಡೆ ಸಿಕ್ತದೆ ಅಂದ್ಮೇಲೆ ಆ ಮಗು ಎಲ್ಲಾದ್ರೂ ಓದ್ಕಂಡಿರ್ತದೆ, ನಮ್ ಮ್ಯಾಲಿನ ಭಾರ ಇಳೀತು ಅಂತಾವ್ರೆ ಅವ್ವ."

ನಮ್ಮಲ್ಲಿ ಹೋದವರ ಜೇಬಿಗೆ ಹೊಗೆಸೊಪ್ಪೋ ನಶ್ಯದ ಡಬ್ಬಿಯೋ, ಅವರು ಇಷ್ಟಪಟ್ಟದ್ದನ್ನು ಹಾಕಿ ಕಳಿಸುವುದುಂಟು. ಇದು ನನಗೆ ಹೊಳೆಯಬೇಕಿತ್ತು. ನಾನು ಹೇಳಿದ್ದು ಸುಳ್ಳು ಎಂದು ಫೋನಿನಲ್ಲೇ ಅನ್ನಬಹುದಿತ್ತು, ನಾಲಿಗೆ ಹೊರಳಲಿಲ್ಲ. ಫೋನಿಟ್ಟು ಧೈರ್ಯ ಮಾಡಿ ತಿರುಗಿ ಮಾಡಿದರೆ ಅವನು ಎತ್ತಲಿಲ್ಲ. ಅಂಗಡಿ ಮುಚ್ಚಿ ಸಾವಿನ ಮನೆಗೆ ಹೋಗಿರಬೇಕು.

ಮಳವಳ್ಳಿ ಬಸ್ಸು ಸಿಕ್ಕಾಗ ಹನ್ನೆರಡೂವರೆ. ದಾರಿಯಲ್ಲಿ ದೊಡ್ಡಿ ಊರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಮ್ಮ ಬಸ್ಸು ಆಮೆ ನಡಿಗೆ ಹಿಡಿಯಿತು. ಕಿಟಕಿಯ ಸರಳು ಹಿಡಿದು ಕೂತವನಿಗೆ ಎರಡು ಭಯ. ಪುಸ್ತಕ ಮಣ್ಣಿಗೆ ಹೋದೀತು ಎನ್ನುವುದು ಒಂದು. ಹೋಗದಿರಬೇಕಾದರೆ ಅಷ್ಟು ಜನರೆದುರು ನಾನು ಸುಳ್ಳುಗಾರ ಅನ್ನಿಸಿಕೊಳ್ಳಬೇಕಲ್ಲ ಎನ್ನುವುದು ಇನ್ನೊಂದು. ಟೈರು ಪಂಕ್ಚರಾಗಲಿ, ತಡವಾಗಲಿ, ನನ್ನ ಕೈ ಮೀರಿತ್ತು ಅಂದುಕೊಳ್ಳಬಹುದು ಎಂದೂ ಒಮ್ಮೆ ಆಸೆಪಟ್ಟೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಹಲಗೂರು ಮುಟ್ಟುವಾಗ ಮೂರು ಹೊಡೆಯುತ್ತಿತ್ತು. ಮಣ್ಣು ಅವರ ಹೊಲದಲ್ಲಿ ಎಂದು ಕೇಳಿ ತಿಳಿದು, ಬದುವಿನ ಮೇಲೆ ಬಹುಶಃ ಅರವತ್ತು ವರ್ಷದಲ್ಲಿ ಮೊದಲ ಸಲ ಓಡಿದೆ. ಗುಂಡಿಯ ಪಕ್ಕ ಚಟ್ಟ ಇಳಿಸಿದ್ದರು. ಖಾಕಿ ಅಂಗಿ ತೊಡಿಸಿದ್ದರು, ಎದೆಯ ಮೇಲೆ ಪುಸ್ತಕವಿತ್ತು. ಮೇಲೆ ಹೂವು, ಅರಿಶಿನ ಕುಂಕುಮ. ಆ ಕ್ಷಣದಲ್ಲೂ ಮುಖಪುಟಕ್ಕೆ ಕಲೆಯಾಯಿತಲ್ಲ ಎಂದು ನನ್ನ ಹಾಳು ಕಣ್ಣು ಅಳೆಯಿತು.

"ಬಂದ್ರಾ ಮೇಷ್ಟ್ರೇ," ಎಂದರು ಆಕೆ. "ನೀವೇಳಿದ್ ಮ್ಯಾಲೆ ಇವರ ಕಿವೀಲಿ ಏಳ್ದೆ. ಆ ಮಗೀಗೆ ಸಿಕ್ಕೈತೆ, ಓದೈತೆ, ಯೋಚ್ನೆ ಬುಡಿ ಅಂತ. ಆಮ್ಯಾಲೇ ಕಣ್ಮುಚ್ಚಿದ್ದು."

ಹಿಡಿಮಣ್ಣು ತೆಗೆದುಕೊಂಡು ಜನ ಕಾಯುತ್ತಿದ್ದರು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಸತ್ತವರ ನೆಮ್ಮದಿಯನ್ನೂ ಕೆಡಿಸಬೇಕಾಗಿರಲಿಲ್ಲ.

"ಇಲ್ಲ ಕಣಮ್ಮ," ಎಂದೆ. ದನಿ ನನ್ನದು ಅನ್ನಿಸಲಿಲ್ಲ. "ಸುಳ್ಳೇಳಿದ್ದೆ. ನಾ ಕಂಡಂಗೆ ಇದೊಂದೇ ಉಳಿದಿರೋದು. ಆ ಮಗೀಗೆ ಸಿಕ್ಕಿರಾಕಿಲ್ಲ."

"ಯಾಕೇಳಿದ್ರಿ?"

"ನಂಗೆ ಬೇಕಾಗಿತ್ತು."

ಯಾರೋ ಹಿಂದಿನಿಂದ, "ಎಂಥ ಮನ್ಸ ಲಾ ಇವ್ನು," ಎಂದರು. ಹೊಡೆಯುತ್ತಾರೆಂದು ಹೆದರಿ ಕಣ್ಣು ಮುಚ್ಚಿದೆ. ಆಕೆ ಬೈಯಲಿಲ್ಲ. ಬಗ್ಗಿ ಗಂಡನ ಎದೆಯ ಮೇಲಿಂದ ಪುಸ್ತಕ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಮುಂದೆ ಹಿಡಿದರು.

"ನಂಗೆ ವಯಸ್ಸಾಯ್ತು, ಓದೂ ಬರಾಕಿಲ್ಲ. ಇನ್ಮೇಲೆ ನೀವೇ ಕಾಯಿರಿ. ಆ ಮಗು ಬಂದ್ರೆ ಕೊಡಿ. ಇವರ ಮುಂದೇನೇ ಒಪ್ಕಳಿ."

ಒಪ್ಪಿಕೊಂಡೆ. ಹೆಣದ ಮುಂದೆ ಆಡಿದ ಮಾತು ಅದು, ನನ್ನಂಥ ಪುಕ್ಕಲ ಅದನ್ನು ಮುರಿಯಲಾರ.

ಆಕೆ ಕೊಟ್ಟು ಕಳಿಸಿದ ಟಿಕೆಟ್ ಪೆಟ್ಟಿಗೆಯಲ್ಲೇ ಪುಸ್ತಕವನ್ನಿಟ್ಟೆ. ಆಮೇಲೆ ಮುಖಪುಟದ ಜೆರಾಕ್ಸ್ ಮಾಡಿಸಿ, ಕೆಳಗೆ ನನ್ನ ನಂಬರು ಬರೆದು, ಮಳವಳ್ಳಿ, ಮದ್ದೂರು, ಮಂಡ್ಯದ ಬಸ್ ಸ್ಟ್ಯಾಂಡುಗಳಲ್ಲಿ ಅಂಟಿಸಿದೆ. 'ಚಿಕ್ಕಂದಿನಲ್ಲಿ ಹಲಗೂರು ಬಸ್ಸಿನಲ್ಲಿ ಈ ಪುಸ್ತಕ ಬಿಟ್ಟುಹೋದವರು ಕರೆ ಮಾಡಿ.' ಗೊತ್ತಿಲ್ಲದ ನಂಬರು ಬಂದಾಗಲೆಲ್ಲ ಎದೆ ಝಲ್ಲೆನ್ನುತ್ತಿತ್ತು. ಕೊಡಬೇಕಾಗಿ ಬಂದರೆ ಎಂಬ ಭಯ, ಯಾರೂ ಬಾರದೆ ನಾನೂ ಹೋಗಿಬಿಟ್ಟರೆ ಎಂಬ ಭಯ. ಕರೆ ಮಾಡಿದವರೆಲ್ಲ ಎಷ್ಟು ಬೆಲೆ ಬಾಳುತ್ತದೆ ಎಂದೇ ಕೇಳಿದರು. ಎಷ್ಟನೇ ಪುಟಕ್ಕೆ ನಿಲ್ಲಿಸಿದ್ರಿ ಎಂದರೆ ಫೋನಿಡುತ್ತಿದ್ದರು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಕಳೆದ ಗುರುವಾರ ಮಧ್ಯಾಹ್ನ ಒಬ್ಬ ಹೆಂಗಸಿನ ಕರೆ ಬಂತು. ಐವತ್ತರ ಆಸುಪಾಸಿನ ದನಿ, ಹಿಂದೆ ಬಸ್ಸುಗಳ ಗದ್ದಲ. ಬೆಲೆ ಕೇಳಲಿಲ್ಲ. "ಸಾರ್, ಆ ಹುಡ್ಗಿ ಬಾವಿಯಿಂದ ಮ್ಯಾಲಕ್ಕೆ ಬಂದ್ಲಾ?" ಎಂದರು.

ನಾನು ಅಂಟಿಸಿದ ಹಾಳೆಯಲ್ಲಿ ಬಾವಿಯ ಚಿತ್ರವಿಲ್ಲ. ರಾಂಗ್ ನಂಬರ್ ಎನ್ನಲು ಬಾಯಿ ತೆರೆದೂ ಆಗಿತ್ತು.

"ನಾನ್ಯಾಕೆ ಏಳ್ಲಿ ತಾಯಿ," ಎಂದೆ. "ಮಡಿಸಿದ ಪುಟ ಅಂಗೇ ಐತೆ. ಬಂದು ನೀವೇ ಓದ್ಕಳಿ."

ಭಾನುವಾರ ಬರುತ್ತಾರೆ. ಪುಸ್ತಕವನ್ನು ಟಿಕೆಟ್ ಪೆಟ್ಟಿಗೆ ಸಮೇತ ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ.